ಆರಾಮಾದ ಮೇಲೆ ಬರಲಿ

ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಲೇಜು. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಪಾಠವನ್ನು ವರ್ಷಕ್ಕೊಮ್ಮೆ ನನ್ನ ಚಪಲಕ್ಕಾಗಿ ಮಾಡುತ್ತಿದ್ದೆ. ತಮ್ಮನ್ನು ತಿನ್ನಲು ಬಂದವರನ್ನು ಗಿಡಗಳು ಹೇಗೆ ಎದುರಿಸುತ್ತವೆ, ಓಡಲು ಕಾಲಿಲ್ಲದೆ, ಕೂಗಲು ಬಾಯಿಲ್ಲದೆ ಹೇಗೆ ಸುದ್ದಿ ಮುಟ್ಟಿಸುತ್ತವೆ ಎಂಬ ಪಾಠ. ಎರಡು ವರ್ಷದಿಂದ ಅದನ್ನು ಮಾಡಿಲ್ಲ. ಮಕ್ಕಳೇನೂ ಕೇಳಲಿಲ್ಲ. ಪರೀಕ್ಷೆಗೆ ಬಾರದ್ದನ್ನು ಯಾರು ಕೇಳುತ್ತಾರೆ?

ನಮ್ಮ ತಾರಸಿಯ ಗಿಡಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ತೀರಿಕೊಂಡು ಎರಡು ವರ್ಷವಾಯಿತು. ಅವಳ ಗಂಡ ನಮ್ಮ ಗೇಟಿನ ಹತ್ತಿರ ನಿಂತು ಹೇಳಿದ ಒಂದು ಮಾತನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ. ಸರಿಯಾಗಿ ಅರ್ಥವಾಗಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಾರರು. ನಾನು ಮಾತ್ರ ಬದುಕುತ್ತಿದ್ದಳು ಎಂದೇ ನಂಬಿಕೊಂಡಿದ್ದೇನೆ. ಬೇರೆ ಥರ ನಂಬಿದರೆ ನನ್ನನ್ನು ನಾನೇ ಸುಲಭವಾಗಿ ಕ್ಷಮಿಸಿಬಿಟ್ಟ ಹಾಗಾಗುತ್ತದೆ.

ಆ ಪಾಠದ ದಿನ ರಸೆಲ್ ಮಾರ್ಕೆಟ್ಟಿನಿಂದ ಒಂದು ಕಟ್ಟು ಪುದೀನ ಕೊಂಡು ತರಗತಿಗೆ ಹೋಗುತ್ತಿದ್ದೆ. ಎಲ್ಲರಿಗೂ ಒಂದೊಂದು ಎಲೆ ಕೊಟ್ಟು ಉಜ್ಜಿ ಮೂಸಿ ನೋಡಿ ಅನ್ನುತ್ತಿದ್ದೆ. "ಈ ಘಮ ಯಾರಿಗೋಸ್ಕರ?" ಎಂದರೆ ಹಿಂದಿನ ಬೆಂಚಿನಿಂದ ಪ್ರತಿ ವರ್ಷವೂ ಒಂದೇ ಉತ್ತರ: "ಬಿರಿಯಾನಿಗೆ ಮಿಸ್." ನಗು ಮುಗಿದ ಮೇಲೆ ಹೇಳುತ್ತಿದ್ದೆ. ಇದು ನಮ್ಮ ಬಾಯಿರುಚಿಗೆ ಹುಟ್ಟಿದ್ದಲ್ಲ, ಬಾಯಿ ಹಾಕಲು ಬಂದವರನ್ನು ಅಟ್ಟುವುದಕ್ಕೆ ಹುಟ್ಟಿದ್ದು. ಹುಲ್ಲು ಕತ್ತರಿಸಿದಾಗ ಬರುವ ಹಸಿ ವಾಸನೆಗೆ ನೀವೆಲ್ಲ ಆಹಾ ಅನ್ನುತ್ತೀರಲ್ಲ, ಅದು ಗಾಯದ ವಾಸನೆ. ಹುಳು ಎಲೆಯನ್ನು ಕಡಿದ ಕೂಡಲೇ ಗಿಡ ಅಂಥದೊಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಕತ್ತರಿಯ ಗಾಯಕ್ಕೆ ಒಂದು ಬಗೆ, ಹುಳುವಿನ ಜೊಲ್ಲು ತಾಗಿದ ಗಾಯಕ್ಕೆ ಇನ್ನೊಂದು ಬಗೆ. ಪಕ್ಕದ ಗಿಡಕ್ಕೆ ಅದು ತಾಗಿದರೆ, ತನಗೆ ಹುಳು ಬೀಳುವ ಮೊದಲೇ ಎಲೆಗಳನ್ನು ಕಹಿ ಮಾಡಿಕೊಳ್ಳಲು ತೊಡಗುತ್ತದೆ. ಕೆಲವು ಗಿಡಗಳ ವಾಸನೆ ಹಿಡಿದು ಸೊಳ್ಳೆಯಷ್ಟು ಚಿಕ್ಕ ಕಣಜಗಳು ಹಾರಿ ಬರುತ್ತವೆ, ಬಂದು ಆ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತವೆ. ಮರಿಗಳು ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತವೆ. ಈ ಮಾತಿಗೆ ಹುಡುಗಿಯರು ಮುಖ ಸಿಂಡರಿಸುತ್ತಿದ್ದರು, ಹುಡುಗರು ಆ ವರ್ಷದಲ್ಲಿ ಮೊದಲ ಸಲ ಬೋರ್ಡಿನ ಕಡೆ ನೋಡುತ್ತಿದ್ದರು.

ಕೊನೆಗೆ ನನ್ನ ಮೆಚ್ಚಿನ ತಮಾಷೆ. ಒಂದು ಬಗೆಯ ಕುರುಚಲು ಗಿಡದಲ್ಲಿ, ಒಂದೇ ತೆರನಾದ ವಾಸನೆ ಇರುವವು ಒಂದರ ಸುದ್ದಿಯನ್ನು ಇನ್ನೊಂದು ಚೆನ್ನಾಗಿ ಹಿಡಿಯುತ್ತವೆ. ಜಾತಿ ಅದೇ ಆದರೂ ವಾಸನೆಯ ಬೆರಕೆ ಕೊಂಚ ಬೇರೆಯಾದರೆ ಅಷ್ಟಾಗಿ ಹಿಡಿಯುವುದಿಲ್ಲ ಎಂದು ಓದಿದ್ದೆ. "ಅಂದ್ರೆ ಗಿಡಗಳಲ್ಲೂ ಬೆಂಗಳೂರು ಕನ್ನಡ, ಕಲಬುರಗಿ ಕನ್ನಡ ಇದೆ ಅನ್ಕೊಳ್ಳಿ," ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು. ನಾನೂ ಅವರ ಜೊತೆ ನಗುತ್ತಿದ್ದೆ.

ನನ್ನ ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಂಬ. ಹಲಸೂರಿನ ಗಲ್ಲಿಯೊಂದರಲ್ಲಿ ತಮಿಳು ಮಾತಾಡುವ ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಪತ್ರಿಕೆಗಳಿಗೆ ಕನ್ನಡದಲ್ಲೇ ಬರೆದು ಒಂದಿಷ್ಟು ಹೆಸರು ಮಾಡಿಕೊಂಡವಳು ನಾನು. ಬಿಟ್ಟಿ ಬಂದ ಭಾಷೆಯಲ್ಲವಾದ್ದರಿಂದ ಅದನ್ನು ಇನ್ನೊಬ್ಬರು ಕೆಡಿಸಿದರೆ ಸಹಿಸುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಅದು ಸುಳ್ಳೇನಲ್ಲ. ಅಪ್ಪ ವಿಮಾ ಕಂಪನಿಯ ನೌಕರಿಯಲ್ಲಿದ್ದಾಗ ಮಾಡಿಕೊಂಡ ಜೀವನ್ ಬಿಮಾ ನಗರದ ಮನೆಯಲ್ಲಿ ಈಗ ಒಬ್ಬಳೇ ಇದ್ದೇನೆ. ಮದುವೆಯಾಗಲಿಲ್ಲ. ತಾರಸಿಯ ಮೇಲೆ ಟೊಮ್ಯಾಟೊ, ಬದನೆ, ಪುದೀನ, ಕರಿಬೇವು, ಮೂರು ದೊಡ್ಡ ಡ್ರಮ್ಮುಗಳಲ್ಲಿ ಅವರೆ ಬಳ್ಳಿ. ಮೊಣಕಾಲು ನೋವು ಶುರುವಾದ ಮೇಲೆ ದಿನಾ ಮೇಲೆ ಹತ್ತಿ ನೀರು ಹಾಕುವುದು ಕಷ್ಟವಾಗಿ, ಯಾರಾದರೂ ಇದ್ದರೆ ಕಳಿಸಿ ಎಂದು ಮೂಲೆಯ ಇಸ್ತ್ರಿ ಅಂಗಡಿಯವರಿಗೆ ಹೇಳಿಟ್ಟಿದ್ದೆ. ಅವರು ಕಳಿಸಿದ್ದು ಇವಳನ್ನು.

ಯಾದಗಿರಿ ಕಡೆಯವಳು. ಮೂವತ್ತು ತುಂಬಿರಲಿಲ್ಲ. ಗಂಡ ಗಾರೆ ಕೆಲಸದವನು, ಐದು ವರ್ಷದ ಒಬ್ಬಳೇ ಮಗಳು. ಆ ಜೂನ್ ತಿಂಗಳಲ್ಲಷ್ಟೇ ಊರು ಬಿಟ್ಟು ಬಂದಿದ್ದರು. ನಮ್ಮ ಮನೆಯ ಹಿಂದೆ ಎರಡು ಬೀದಿಯಾಚೆ, ಯಾರದೋ ಖಾಲಿ ಸೈಟಿನಲ್ಲಿ ಸಾಲಾಗಿ ಕಟ್ಟಿ ಬಾಡಿಗೆಗೆ ಕೊಟ್ಟ ಶೀಟ್ ಮನೆಗಳಲ್ಲಿ ಒಂದರಲ್ಲಿ ಅವರ ಸಂಸಾರ. ಆ ಸಾಲಿನಲ್ಲಿ ಇದ್ದವರೆಲ್ಲ ಅವರ ಕಡೆಯವರೇ. ಗಂಡ ಕೆಲಸ ಮಾಡುವ ಜಾಗದಲ್ಲೂ ಅವರ ಕಡೆಯವರೇ. ಹಾಗಾಗಿ ಬೆಂಗಳೂರಿನಲ್ಲಿದ್ದರೂ ಬೆಂಗಳೂರಿನ ಮಾತು ಅವರ ಕಿವಿಗೆ ಬೀಳುತ್ತಿದ್ದದ್ದು ಅಪರೂಪ.

ಮೊದಲ ದಿನ ತಾರಸಿಗೆ ಬಂದವಳು ಕುಂಡಗಳ ನಡುವೆ ಒಂದು ಸುತ್ತು ಹಾಕಿ ಟೊಮ್ಯಾಟೊ ಗಿಡದ ಹತ್ತಿರ ನಿಂತಳು.

"ಅಕ್ಕೋರ, ಇದಕ್ಕ ಹುಳ ಬಿದ್ದದ."

ಕನ್ನಡಕ ಏರಿಸಿ ನೋಡಿದೆ. ನನಗೇನೂ ಕಾಣಲಿಲ್ಲ. "ಎಲ್ಲಿ?"

"ಕಾಣಂಗಿಲ್ರಿ. ವಾಸನಿ ಬರ್ಲತ್ತದ."

ಕೊಂಬೆಯೊಂದನ್ನು ಮಗುಚಿ ಎಲೆಯ ಅಡಿಯಿಂದ ದಾರದೆಳೆಯಷ್ಟು ಸಣ್ಣ ಹಸಿರು ಹುಳುವನ್ನು ಎತ್ತಿ ತೋರಿಸಿದಳು. ತೊಗರಿ ಹೊಲದಲ್ಲಿ ಹುಳು ಬಿದ್ದರೆ ಗಾಳಿಯೇ ಬೇರೆಯಾಗುತ್ತದೆ, ಅವಳ ಅವ್ವ ಬದುವಿನ ಮೇಲೆ ನಿಂತೇ ಹೇಳುತ್ತಿದ್ದಳು ಎಂದಳು. ಇಷ್ಟು ವರ್ಷ ಪಾಠ ಮಾಡಿದ್ದೆನಲ್ಲ, ಆ ವಾಸನೆಯನ್ನು ಒಂದು ದಿನವೂ ನಾನು ಮೂಸಿ ಕಂಡುಹಿಡಿದವಳಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಹೇಳಲಾರದಷ್ಟು ಖುಷಿಯಾಯಿತು. ನೀರಿನ ಪೈಪು ಅವಳ ಕೈಯಲ್ಲಿ ಸುರಿಯುತ್ತಿರುವಾಗಲೇ ನನ್ನ ಪಾಠವನ್ನೆಲ್ಲ ಒದರಿಬಿಟ್ಟೆ. ಎಲ್ಲ ಕೇಳಿ, "ಹಂಗಾದ್ರ ಗಿಡ ಚೀರ್ತದನ್ರೀ?" ಎಂದಳು.

"ಒಂದು ಲೆಕ್ಕಕ್ಕೆ ಹಾಗೇ ಅನ್ಕೋ."

"ಪಾಪ," ಎಂದು ಎಲೆ ಸವರಿದಳು. ಮಗಳನ್ನು ಕರೆದು, ಸುಮ್ಮನೆ ಎಲೆ ಕೀಳಬೇಡ ಎಂದು ಗದರಿದಳು.

ಅವರೆ ಬಳ್ಳಿಗೆ ಹುಳು ಹೆಚ್ಚಾದಾಗ ಔಷಧಿ ಹೊಡೆಯಲು ಬಿಡಲಿಲ್ಲ. ಹಳೆಯ ಸೀರೆಯೊಂದನ್ನು ಬಳ್ಳಿಯ ಕೆಳಗೆ ಹಾಸಿ, ಚಪ್ಪರದ ಕೋಲು ಹಿಡಿದು ಝಾಡಿಸಿದಳು. ಹುಳುಗಳು ಪಟಪಟ ಉದುರಿದವು. ಅವರ ಕಡೆ ತೊಗರಿಗೆ ಹಾಗೆ ಮಾಡುತ್ತಾರಂತೆ. ವಾರಕ್ಕೆರಡು ಸಲ ಅದನ್ನು ಮಾಡುವಳು. ಕುಂಡಗಳ ಅಡಿಯ ತಟ್ಟೆಗಳಲ್ಲಿ ನಿಂತ ನೀರನ್ನು ದಿನವೂ ಮರೆಯದೆ ಚೆಲ್ಲುವಳು.

ಬೆಂಗಳೂರಿನವರಿಗೆ ಅವರೆಕಾಯಿಯ ಸೊಗಡು ಎಂದರೆ ವಿವರಿಸಬೇಕಾಗಿಲ್ಲ. ಸಿಪ್ಪೆಯ ಮೇಲಿನ ಆ ಜಿಡ್ಡು, ಬಿಡಿಸಿದ ಕೈಯಲ್ಲಿ ಸಂಜೆಯವರೆಗೂ ಉಳಿಯುವ ಆ ವಾಸನೆ. ಮಾರುಕಟ್ಟೆಯಲ್ಲಿ ಮೂಗಿಗೆ ಹಿಡಿದು ನೋಡದೆ ನಾವು ಕೊಳ್ಳುವುದಿಲ್ಲ. ಅದು ಗಿಡ ಹುಳುಗಳಿಗಾಗಿ ಮಾಡಿಕೊಂಡ ಏರ್ಪಾಡೋ ಏನೋ, ನನಗೆ ಸರಿಯಾಗಿ ಗೊತ್ತಿಲ್ಲ. ನಾವಂತೂ ಸಾರಿಗೆಂದೇ ಬಂದದ್ದೆಂದುಕೊಂಡಿದ್ದೇವೆ. ಭಾಷೆಗೂ ಅದೇ ಪದ ಬಳಸುತ್ತೇವೆ, ಆ ಕಡೆಯ ಮಾತಿನ ಸೊಗಡು, ಈ ಕಡೆಯ ಮಾತಿನ ಸೊಗಡು ಎಂದು. ಅವಳು ಬಂದ ಮೇಲೆ ನಾನೊಂದು ನೋಟ್‌ಬುಕ್ ಮಾಡಿದೆ. ರಟ್ಟಿನ ಮೇಲೆ "ಸೊಗಡು" ಎಂದು ಬರೆದು, ಅವಳ ಬಾಯಿಂದ ಬಿದ್ದ ಪದಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತಿದ್ದೆ. ಮುಂದೆ ಎಲ್ಲಾದರೂ ಬರೆಯುವಾಗ ಉಪಯೋಗಕ್ಕೆ ಬಂದೀತೆಂಬ ಆಸೆ. ಒಳ್ಳೆಯ ಕಾಯಿ ಸಿಕ್ಕಿದ ಗಿರಾಕಿಯ ಖುಷಿ ನನ್ನದು.

ಮೊದಲ ಪುಟದಲ್ಲೇ ಎಡವಿದ್ದೆ. "ಅಕ್ಕೋರ" ಎಂದರೆ ಅಕ್ಕ ಎಂಬುದರ ಪ್ರೀತಿಯ ರೂಪ ಎಂದು ಬರೆದುಕೊಂಡಿದ್ದೆ. ಒಂದು ತಿಂಗಳ ಮೇಲೆ ಅದನ್ನು ಅವಳಿಗೇ ಹೇಳಿದರೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. "ಅಲ್ರೀ, ಸಾಲಿಯಾಗ ಕಲಸೋರಿಗಿ ಅಕ್ಕೋರ ಅಂತೀವಿ. ನೀವು ಕಲಸ್ತೀರಂತ ಇಸ್ತ್ರಿ ಕಾಕಾ ಹೇಳಿದ್ದ." ಇಷ್ಟು ದಿನ ಅವಳು ನನ್ನನ್ನು ಕರೆಯುತ್ತಿದ್ದದ್ದು ಟೀಚರ್ ಎಂದು! ನನಗೂ ನಗು ಬಂತು. ಕೆಂಪು ಇಂಕಿನಲ್ಲಿ ತಿದ್ದಿಕೊಂಡೆ. ಮಿಕ್ಕ ಪದಗಳನ್ನೂ ಒಂದು ಸಲ ಅವಳಿಗೆ ಓದಿ ಹೇಳಿ ಸರಿಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅಕ್ಟೋಬರ್ ಕೊನೆಯ ಹೊತ್ತಿಗೆ ಅವರೆ ಹೂವಿಗೆ ಬಂದಿತ್ತು. ಎದುರು ಸಾಲಿನಲ್ಲಿ ಹೊಸದಾಗಿ ಬಂದ ಮನೆಯವರಿಗೆ ಜೋಳದ ರೊಟ್ಟಿ ಮಾಡುವವರು ಬೇಕಾಗಿತ್ತು. ಒಂದು ಭಾನುವಾರ ಆ ಮನೆಯಾಕೆ ನಮ್ಮ ಗೇಟಿನ ಹೊರಗೇ ಇವಳನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದದ್ದನ್ನು ಮೇಲಿನಿಂದ ನೋಡಿದೆ. ನನಗೆ ಹಿಡಿಸಲಿಲ್ಲ. ಅವಳಾಗಿ ಏನೂ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಕೇಳುವುದು ನನ್ನ ಮರ್ಯಾದೆಗೆ ಕಡಿಮೆ ಅನ್ನಿಸಿತ್ತು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ನಾನು ಬಸ್ಸಿಗೆ ಹೊರಟು ಗೇಟು ಹಾಕುತ್ತಿದ್ದಾಗ ಅವಳ ಗಂಡ ಬಂದ. ಕೆಲಸಕ್ಕೆ ಹೊರಟವನು, ಕೈಯಲ್ಲಿ ಊಟದ ಡಬ್ಬಿ.

"ಅಕ್ಕೋರ, ಆಕಿಗಿ ಆರಾಮಿಲ್ರಿ. ಇವತ್ತ ಬರಂಗಿಲ್ಲ."

ಆರಾಮ್ ಎಂಬ ಪದ ನನಗೆ ಬಂದದ್ದು ಶಿವಾಜಿನಗರದಿಂದ. ಚಿಕ್ಕವಳಿದ್ದಾಗ ಅಮ್ಮನ ಜೊತೆ ರವಿಕೆ ಬಟ್ಟೆಗೆ ಹೋದರೆ ಅಂಗಡಿಯ ಸಾಹೇಬರು ಥಾನು ಬಿಚ್ಚಿ ಹರಡಿ, "ಆರಾಮ್ ಸೆ ದೇಖೋ ಅಮ್ಮಾ" ಎನ್ನುತ್ತಿದ್ದರು. ಅವಸರ ಬೇಡ, ಬಿಡುವಾಗಿ ನೋಡಿ ಎಂದು. ಆ ಪದಕ್ಕೆ ಬಿಡುವು ಎಂಬ ಅರ್ಥ ನನ್ನಲ್ಲಿ ಅಷ್ಟು ಹಿಂದಿನಿಂದ ಕೂತಿದೆ. ಆರಾಮಿಲ್ಲ ಎಂದರೆ ಬಿಡುವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ತಲೆ ಅದನ್ನು ತೀರ್ಮಾನಿಸಿ, ಎದುರು ಸಾಲಿನ ಮನೆಯ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿರುವುದನ್ನೂ ನೋಡಿಬಿಟ್ಟಿತು. ಬಿಡುವಿಲ್ಲವಂತೆ! ನಾಲ್ಕು ತಿಂಗಳಿಗೆ ಇಷ್ಟು ದೊಡ್ಡವರಾದರೋ ಎಂದು ಮೈಯೆಲ್ಲ ಉರಿಯಿತು.

"ಆಯ್ತಪ್ಪ. ಆರಾಮಾದ ಮೇಲೆ ಬರಲಿ ಬಿಡಿ," ಎಂದೆ.

ಆ 'ಬಿಡಿ'ಯನ್ನು ಕೊಂಚ ಎಳೆದೆ. ಆ ಎಳೆತ ಏನೆಂದು ನನ್ನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಅವನಿಗೆ ಗೊತ್ತಾಗಲಿಲ್ಲ. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿ, "ಭಾಳ ಉಪಕಾರ ಆತ್ರಿ," ಎಂದ. ಇದೆಂಥ ನಾಟಕ ಎಂದುಕೊಂಡು ಬಸ್ಸಿಗೆ ನಡೆದೆ.

ಆ ವಾರ ಮೊಣಕಾಲು ಹಿಡಿದುಕೊಂಡು ನಾನೇ ಮೇಲೆ ಹತ್ತಿ ನೀರು ಹಾಕಿದೆ. ಒಂದೊಂದು ಮೆಟ್ಟಿಲಿಗೂ ಅವಳನ್ನು ಬೈದೆ. ನಮ್ಮ ತಾರಸಿಯಿಂದ ಆ ಶೀಟ್ ಮನೆಗಳ ಸಾಲು ಕಾಣುತ್ತದೆ. ಬೆಳಿಗ್ಗೆ ಏಳಕ್ಕೆಲ್ಲ ಅವಳ ಬಾಗಿಲ ಮುಂದಿನ ತಂತಿಯ ಮೇಲೆ ಒಗೆದ ಬಟ್ಟೆ ಇರುತ್ತಿತ್ತು. ಮಂಗಳವಾರ ತಂತಿ ಖಾಲಿ. ಬುಧವಾರವೂ ಖಾಲಿ. ತನ್ನ ಮನೆಯ ಬಟ್ಟೆ ಒಗೆಯಲೂ ಪುರಸೊತ್ತಿಲ್ಲ, ಸಂಪಾದನೆ ಜೋರಾಗಿದೆ ಎಂದುಕೊಂಡೆ. ಗುರುವಾರ ಆ ಸಾಲಿನ ಹೆಂಗಸರು ಒಬ್ಬರಾದ ಮೇಲೊಬ್ಬರು ಪಾತ್ರೆ ಮುಚ್ಚಿಕೊಂಡು ಅವಳ ಮನೆಯೊಳಗೆ ಹೋಗಿ ಬರುತ್ತಿದ್ದರು. ಏನೋ ಹಬ್ಬ ಇಟ್ಟುಕೊಂಡಿದ್ದಾರೆ ಅನ್ನಿಸಿತು. ಶುಕ್ರವಾರ ಬೆಳಿಗ್ಗೆ ತಂತಿಯ ತುಂಬ ಬಟ್ಟೆ. ಹಾಗಾದರೆ ಇವತ್ತು ಬಿಡುವಾಗಿದೆ, ಆದರೂ ಇತ್ತ ಕಡೆ ತಲೆ ಹಾಕಲಿಲ್ಲವಲ್ಲ ಎಂದು ಇನ್ನಷ್ಟು ಉರಿದುಕೊಂಡೆ. ಇಷ್ಟನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಒಂದೊಂದನ್ನೂ ತಪ್ಪಾಗಿ ಓದಿದ್ದೇನೆ.

ಗಿಡಗಳ ಪಾಠವನ್ನು ಕೊನೆಯ ಸಲ ಮಾಡಿದ್ದು ಅದೇ ಬುಧವಾರ. ಭಾಷೆಯ ತಮಾಷೆಯನ್ನೂ ಮಾಡಿದೆ.

ಶನಿವಾರ ಮಧ್ಯಾಹ್ನ ಬಸ್ಸಿಳಿದು ಬರುವಾಗ ಇಸ್ತ್ರಿ ಅಂಗಡಿಯವರು ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು ಕೂಗಿದರು. "ಏನ್ ಮೇಡಂ, ನಿಮ್ ಗಿಡಕ್ಕೆ ನೀರ್ ಹಾಕೋ ಅಮ್ಮನ್ನ ಆಟೋದಲ್ಲಿ ಆಸ್ಪತ್ರೆಗೆ ತಗೊಂಡ್ ಹೋದ್ರು. ಮೂಗಲ್ಲೆಲ್ಲ ರಕ್ತ. ಸೋಮವಾರದಿಂದ ಜ್ವರ ಅಂತಲ್ಲ, ನಿಮ್ಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ. ಯಾವ ಆಸ್ಪತ್ರೆ ಎಂದು ಕೇಳಿಕೊಂಡು, ಮನೆಗೂ ಹೋಗದೆ ಕಾಲೇಜಿನ ಚೀಲ ಹೊತ್ತುಕೊಂಡೇ ಇನ್ನೊಂದು ಆಟೋ ಹಿಡಿದೆ. ದಾರಿಯುದ್ದಕ್ಕೂ ಅವಳ ಗಂಡನನ್ನು ಬೈದುಕೊಂಡೆ. ಸೋಮವಾರ ಗೇಟಿನ ಹತ್ತಿರ ಬಂದವನಿಗೆ ಹೆಂಡತಿಗೆ ಜ್ವರ ಎಂದು ಒಂದು ಮಾತು ಹೇಳಲು ಏನಾಗಿತ್ತು?

ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮಗಳನ್ನು ತೊಡೆಯಲ್ಲಿ ಮಲಗಿಸಿಕೊಂಡು ಅವನು ಕೂತಿದ್ದ. ನಾನು ಹೋಗಿ ನಿಂತ ಹೊತ್ತಿಗೇ ನರ್ಸ್ ಕಾಗದ ಹಿಡಿದು ಬಂದರು. "ಜ್ವರ ಯಾವತ್ತಿಂದ?" ಎಂದು ಕೇಳಿದರು.

"ಸೋಮವಾರದಿಂದ ಆರಾಮಿಲ್ರಿ," ಎಂದ ಅವನು.

ಅದೇ ದನಿ, ಅದೇ ಮಾತು. ನರ್ಸ್ ಬರೆದುಕೊಂಡು ಹೋದರು. ನಾನು ಬೆಂಚಿನ ಅಂಚು ಹಿಡಿದು ಕೂತೆ. ಅವನು ಹೇಳಿದ್ದ. ನನ್ನ ಮುಖ ನೋಡಿ, ಅವನ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದ್ದ. ಆರಾಮಾಗಿದ್ದೀರಾ ಎಂದು ದಿನಕ್ಕೆ ಹತ್ತು ಜನರನ್ನು ವಿಚಾರಿಸುವವಳು ನಾನು, ಆರಾಮಿಲ್ಲ ಎಂದರೆ ಮೈ ಸರಿಯಿಲ್ಲ ಎಂದು ಹೊಳೆಯಲು ಪಂಡಿತಳಾಗಬೇಕಿರಲಿಲ್ಲ. ಒಂದು ಗಳಿಗೆ ನಿಂತು ಯೋಚಿಸಿದ್ದರೆ ಸಾಕಿತ್ತು, "ಏನಾಯ್ತು?" ಎಂದಿದ್ದರೆ ಸಾಕಿತ್ತು. ಆದರೆ ನನಗೆ ಆ ಹೊತ್ತಿನಲ್ಲಿ ಸಿಟ್ಟಾಗಬೇಕಾಗಿತ್ತು, ಸಿಟ್ಟಿಗೆ ಒದಗುವ ಅರ್ಥವನ್ನೇ ಆರಿಸಿಕೊಂಡೆ.

ಅವನು ಮೆಲ್ಲಗೆ ಮಾತಾಡುತ್ತಿದ್ದ. "ನೀವು ಆರಾಮಾದ ಮ್ಯಾಲ ಬರ್ಲಿ ಅಂದ್ರಲ್ರೀ, ಅದ್ನ ಹೋಗಿ ಹೇಳಿದ್ದೆ ಆಕಿಗಿ. ಭಾಳ ಸಮಾಧಾನ ಆಗಿತ್ತು. ಇಲ್ಲಿ ಹಿಂಗ ಅನ್ನೋರು ಯಾರದಾರ, ಎರಡು ದಿನ ಹೋಗ್ಲಿಲ್ಲಂದ್ರ ಬ್ಯಾರೆಯೋರ್ನ ಇಟ್ಕೊಂತಾರ, ಅಕ್ಕೋರು ಹಂಗಲ್ಲ ಅಂತ ನಮ್ಮ ಸಾಲಿನೋರಿಗೆಲ್ಲ ಹೇಳ್ಕೊಂತ ಮಲಗಿದ್ಲು."

ಎದುರು ಸಾಲಿನ ಮನೆಗೆ ಅವಳು ಹೋಗಿಯೇ ಇರಲಿಲ್ಲ. ಆಗಲೇ ಒಲ್ಲೆ ಎಂದು ಹೇಳಿದ್ದಳಂತೆ.

ಅದು ಡೆಂಗ್ಯೂ. ಅದಕ್ಕೆ ಮೂರು ವರ್ಷ ಹಿಂದೆ ನನಗೂ ಬಂದಿತ್ತು. ಜ್ವರ ಇಳಿದ ದಿನ ಗೆದ್ದೆ ಎಂದುಕೊಳ್ಳಬೇಡಿ, ಅವತ್ತಿನಿಂದಲೇ ಹೆಚ್ಚು ಜೋಪಾನ ಬೇಕು ಎಂದು ನನ್ನ ಡಾಕ್ಟರು ಬೆರಳು ಆಡಿಸಿ ಹೇಳಿದ್ದರು. ಇವರಿಗೆ ಅದನ್ನು ಹೇಳುವವರಿರಲಿಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಟ್ಟಿದ್ದರು. ಸಾಲಿನ ಹೆಂಗಸರು ಗಂಜಿ, ಬಿಸಿನೀರು ಎಂದು ಸರದಿಯ ಮೇಲೆ ನೋಡಿಕೊಂಡಿದ್ದರು. ಅವಳ ಕಷ್ಟ ಅವಳ ಕಡೆಯವರಿಗೆಲ್ಲ ಆ ಕ್ಷಣವೇ ತಿಳಿದಿತ್ತು, ತಮಗೆ ಗೊತ್ತಿದ್ದದ್ದನ್ನೆಲ್ಲ ಅವರು ಮಾಡಿದ್ದರು. ಶುಕ್ರವಾರ ಜ್ವರ ಬಿಟ್ಟಾಗ ಎಲ್ಲರೂ ಹಗುರಾದರು. ನಾಲ್ಕು ದಿನದ ಬಟ್ಟೆ ಉಳಿದಿದೆ ಎಂದು ಅವಳು ಎದ್ದು ಒಗೆಯಲು ಕೂತಳು. ಜ್ವರ ಬಿಟ್ಟ ಮೇಲೆಯೇ ಜೋಪಾನ ಬೇಕೆಂಬ ಆ ಒಂದು ಸಂಗತಿ ತಿಳಿದಿದ್ದವಳು ನಾನೊಬ್ಬಳೇ, ಎರಡು ಬೀದಿಯಾಚೆ ತಾರಸಿಯ ಮೇಲೆ ನಿಂತು ಆ ಬಟ್ಟೆಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದೆ.

ಸಂಜೆ ಐದರ ಹೊತ್ತಿಗೆ ಒಳಗೆ ಬಿಟ್ಟರು. ಮುಖ ಊದಿಕೊಂಡಿತ್ತು, ತುಟಿ ಒಣಗಿತ್ತು. ನನ್ನನ್ನು ಕಂಡವಳೇ ಏಳಲು ನೋಡಿದಳು. ನರ್ಸ್ ಹಿಡಿದು ಮಲಗಿಸಿದರು.

"ಅಕ್ಕೋರ, ಬಳ್ಳಿ ಝಾಡಿಸೋದು ಉಳೀತ್ರಿ," ಎಂದಳು. "ನಾಡದು ಬರ್ತೀನಿ."

"ಆರಾಮಾದ ಮೇಲೆ ಬಾ," ಎಂದೆ.

ಅದೇ ಮಾತು ಎರಡನೇ ಸಲ ನನ್ನ ಬಾಯಿಂದ ಬಂತು. ಈ ಸಲ ಅವಳಿಗೆ ಯಾವ ಅರ್ಥವಿತ್ತೋ ಅದೇ ಅರ್ಥ ನನಗೂ ಇತ್ತು. ಅವಳಿಗೆ ಎರಡಕ್ಕೂ ವ್ಯತ್ಯಾಸವೇನೂ ತಿಳಿಯಲಿಲ್ಲ. "ಹೂಂನ್ರಿ," ಎಂದು ಕಣ್ಣು ಮುಚ್ಚಿದಳು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೋಗಿಬಿಟ್ಟಳು.

ಊರಿಗೆ ಕರೆದುಕೊಂಡು ಹೋಗಲು ಗಾಡಿ ಬಂದಾಗ ಆ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದುಕೊಂಡರು. ನಿಮ್ಮ ಹೆಸರು ಭಾಳ ಹೇಳ್ತಿದ್ಲು ಎಂದರು. ಯಾರಾದರೂ ಒಬ್ಬರು ನನ್ನ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಎರಡು ದಿನದ ಮೇಲೆ ತಾರಸಿಗೆ ಹೋದೆ. ಕುಂಡಗಳ ತಟ್ಟೆಗಳಲ್ಲಿ ನೀರು ನಿಂತು ಸೊಳ್ಳೆಮರಿಗಳು ಆಡುತ್ತಿದ್ದವು. ಎಲ್ಲವನ್ನೂ ಚೆಲ್ಲಿದೆ. ಅವರೆ ಎಲೆಗಳು ಜರಡಿಯಾಗಿದ್ದವು. ಟೊಮ್ಯಾಟೊ ಗಿಡದ ಮೇಲೆ ಬೆರಳುದ್ದದ ಒಂದು ಹಸಿರು ಹುಳು ಅಲ್ಲಾಡದೆ ಅಂಟಿಕೊಂಡಿತ್ತು, ಅದರ ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಗೂಡುಗಳು. ಕಣಜ ಬಂದು ಹೋಗಿತ್ತು. ಇಷ್ಟು ವರ್ಷ ಚಿತ್ರದಲ್ಲಿ ತೋರಿಸುತ್ತಿದ್ದದ್ದನ್ನು ಮೊದಲ ಸಲ ಕಣ್ಣಿಂದ ನೋಡಿದೆ. ಒಂದು ಗಿಡ ಬಿಟ್ಟ ವಾಸನೆಯನ್ನು ಈ ಊರಿನ ಹೊಗೆ, ಧೂಳುಗಳ ನಡುವೆ ಹಿಡಿದು ಅಷ್ಟು ಚಿಕ್ಕ ಕಣಜ ಬಂದು ಮುಟ್ಟಿತ್ತು. ಎಂ.ಎಸ್ಸಿ. ಮಾಡಿದ ನನಗೆ ಎರಡು ಬೀದಿ ದಾಟಲಾಗಲಿಲ್ಲ. ಅಲ್ಲೇ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಅತ್ತೆ. ಅಪ್ಪ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅವಳ ಗಂಡ ಒಂದು ತಿಂಗಳಾದ ಮೇಲೆ ಬಂದ, ತಲೆ ಬೋಳಿಸಿದ್ದು ಅಲ್ಪಸ್ವಲ್ಪ ಬೆಳೆದಿತ್ತು. ಜೊತೆಯಲ್ಲಿ ಮಗಳು. ನಮ್ಮ ತಾರಸಿ ಮೆಟ್ಟಿಲಿನ ಗೇಟಿನ ಕೀ ಅವಳ ಹತ್ತಿರ ಉಳಿದಿತ್ತು, ಅದನ್ನು ಕೊಡಲು ಬಂದಿದ್ದ. ಕೆ.ಆರ್. ಪುರದ ಕಡೆ ಕೆಲಸ ಸಿಕ್ಕಿದೆ, ತಂಗಿ ಅಲ್ಲೇ ಇದ್ದಾಳೆ, ಮಗುವನ್ನು ಅವಳು ನೋಡಿಕೊಳ್ಳುತ್ತಾಳೆ, ಮುಂದಿನ ವರ್ಷ ಶಾಲೆಗೆ ಹಾಕುತ್ತೇನೆ ಎಂದ. ಒಳಗೆ ಕೂರಿಸಿ ಕಾಫಿ ಕೊಟ್ಟೆ. ಮಗುವಿಗೆ ಹಾಲು ಕೊಟ್ಟೆ. ಆಕಿ ನಿಮ್ಮನ್ನ ಭಾಳ ಹಚ್ಚಿಕೊಂಡಿದ್ಲು ಎಂದು ಅವನು ಮತ್ತೆ ಶುರುಮಾಡಿದ. ನನಗೆ ತಡೆಯಲಾಗಲಿಲ್ಲ.

"ನಾನೊಂದು ಮಾತು ಹೇಳ್ಬೇಕು," ಎಂದೆ. "ಅವತ್ತು ನೀವು ಆರಾಮಿಲ್ಲ ಅಂದಾಗ ನಂಗೆ ಜ್ವರ ಅಂತ ಗೊತ್ತಾಗ್ಲಿಲ್ಲ. ಬಿಡುವಿಲ್ಲ ಅಂತ ತಿಳ್ಕೊಂಡೆ. ಬೇರೆ ಮನೆ ಕೆಲ್ಸಕ್ಕೆ ಹೋಗಿದಾಳೆ ಅನ್ಕೊಂಡೆ. ಆರಾಮಾದ ಮೇಲೆ ಬರಲಿ ಅಂದಿದ್ದು ಪ್ರೀತಿಯಿಂದ ಅಲ್ಲ. ಸಿಟ್ಟಲ್ಲಿ ಚುಚ್ಚಿ ಅಂದಿದ್ದು. ಗೊತ್ತಾಗಿದ್ರೆ ಅವತ್ತೇ ಬರ್ತಿದ್ದೆ, ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತಿದ್ದೆ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೇ ನೋಡುತ್ತಿದ್ದ. ಬೈಯುತ್ತಾನೆಂದು ಕಾದೆ. ಬೈಯಲಿ ಎಂದು ಬಯಸಿದೆ. ಅವನು ಲೋಟ ಕೆಳಗಿಟ್ಟು ತಲೆಯೆತ್ತಿದ.

"ಮತ್ತ ಅದಕ್ಕ ಇಲ್ಲಿ ಏನಂತಾರ್ರೀ?"

"ಯಾವುದಕ್ಕೆ?"

"ಆರಾಮಿಲ್ಲ ಅನ್ನೋದಕ್ಕ. ನಿಮಗ ತಿಳಿಯಂಗ ಹೇಳ್ಬೇಕಂದ್ರ ಏನನ್ಬೇಕು?"

"ಹುಷಾರಿಲ್ಲ ಅಂತಾರೆ," ಎಂದೆ. ಇನ್ನೊಂದು ಸಲ ಬಿಡಿಸಿ ಹೇಳಿದೆ.

ಅವನು ಮಗಳನ್ನು ಹತ್ತಿರ ಎಳೆದುಕೊಂಡ. "ಕೇಳಿದಿಲ್ಲ? ನಾಳಿ ನೀ ಸಾಲಿಗಿ ಹೋಗ್ತಿ. ಹೊಟ್ಟಿ ನೂಯ್ಲಿ, ತಲಿ ನೂಯ್ಲಿ, ಆರಾಮಿಲ್ಲ ಅನ್ಬ್ಯಾಡ. ಇಲ್ಲಿಯವ್ರಿಗಿ ತಿಳ್ಯಂಗಿಲ್ಲ. ಹುಷಾರಿಲ್ಲ ಅನ್ಬೇಕು. ಅವ್ವಗ ಹುಷಾರಿದ್ದಿಲ್ಲ ಅಂತ ನಾ ಹೇಳ್ಬೇಕಿತ್ತು. ಅನ್ನು ನೋಡಮಾ, ಅವ್ವಗ ಹುಷಾರಿದ್ದಿಲ್ಲ."

ಮಗು ಹಾಲಿನ ಲೋಟ ಕೆಳಗಿಟ್ಟು ಅಪ್ಪನನ್ನೂ ನನ್ನನ್ನೂ ನೋಡಿತು. ಅವರ ಕಡೆ ಹುಷಾರ್ ಎಂದರೆ ಜಾಣೆ, ಹುಷಾರಿಲ್ಲ ಎಂದರೆ ಬುದ್ಧಿಯಿಲ್ಲದವಳು. ನನ್ನ ನೋಟ್‌ಬುಕ್ಕಿನಲ್ಲೇ ಇದ್ದ ಅದು ನನಗೆ ನೆನಪಾಗುವ ಮೊದಲೇ ಮಗುವಿನ ಕಣ್ಣುಗಳು ತುಂಬಿಕೊಂಡವು.

"ನಮ್ಮವ್ವ ಹುಷಾರ್ ಇದ್ಲು," ಎಂದಳು. ಅಪ್ಪ ಎಷ್ಟು ಬಿಡಿಸಿ ಹೇಳಿದರೂ ಆ ಮಾತನ್ನು ಮಾತ್ರ ಅವಳು ಬಾಯಲ್ಲಿ ಆಡಲಿಲ್ಲ.